ಪದ ಹುಡುಕಿದ ದಾರಿಗೂ ಅಂಕ ಕೊಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುರವಣಿಯಲ್ಲಿ ಪ್ರಕಟವಾಗುತ್ತಿರುವ ಇಂಗ್ಲಿಷ್ ಪದಸ್ಪರ್ಧೆಯ ಕುರಿತು ಈ ಪತ್ರ. ಎರಡೋ ಮೂರೋ ಅಕ್ಷರಗಳನ್ನು ಕೊಟ್ಟು, ಅವೆಲ್ಲವೂ ಇರುವ ಅತಿ ಉದ್ದದ ಇಂಗ್ಲಿಷ್ ಪದವನ್ನು ಬರೆದು ಕಳುಹಿಸಿರಿ ಎನ್ನುವ ಈ ಸ್ಪರ್ಧೆಗೆ ಉಡುಪಿ, ಕಾಪು, ಕಾರ್ಕಳ, ಮೂಡುಬಿದಿರೆ ಕಡೆಯ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಉತ್ಸಾಹದಿಂದ ಉತ್ತರ ಬರೆಯುತ್ತಿದ್ದಾರೆ. ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ನನಗೆ ಇದಕ್ಕಿಂತ ಸಂತೋಷದ ಸಂಗತಿ ಬೇರೆ ಇಲ್ಲ. ಸ್ಪರ್ಧೆ ಮುಂದುವರಿಯಲೇಬೇಕು. ಆದರೆ ಅದರ ನಿಯಮ ಬದಲಾಗದೆ ಹೋದರೆ, ಯಾವ ಮಕ್ಕಳಿಗೆ ಅದರಿಂದ ಅತಿ ಹೆಚ್ಚು ಪ್ರಯೋಜನವಾಗಬೇಕೋ ಆ ಮಕ್ಕಳೇ ಬೇಗನೆ ಅದನ್ನು ಕೈಬಿಡುತ್ತಾರೆ ಎಂಬ ಆತಂಕ ನನ್ನದು.

ಈಗಿನ ನಿಯಮದಲ್ಲಿ ಉದ್ದವೊಂದೇ ಅಳತೆಗೋಲು. ಉದ್ದವನ್ನು ಮಾತ್ರ ಕೇಳಿದರೆ ಉತ್ತರ ಕೊಡುವುದು ಯಂತ್ರಕ್ಕೆ ಅತ್ಯಂತ ಸುಲಭದ ಕೆಲಸ. ಕೆಲವು ಲಕ್ಷ ಪದಗಳಿರುವ ಒಂದು ಕಡತವನ್ನು ಕೊಟ್ಟರೆ, ಕಂಪ್ಯೂಟರ್ ಪ್ರತಿಯೊಂದು ಪದದಲ್ಲಿಯೂ ಬೇಕಾದ ಅಕ್ಷರಗಳು ಇವೆಯೇ ಎಂದು ನೋಡಿ, ಇದ್ದವುಗಳನ್ನು ಉದ್ದದ ಕ್ರಮದಲ್ಲಿ ಜೋಡಿಸಿ, ಒಂದು ಕ್ಷಣದೊಳಗೆ ಮುಂದಿಡುತ್ತದೆ. ಒಂದೇ ಅಕ್ಷರಗಳಿಂದಾದ ಬೇರೆ ಬೇರೆ ಪದಗಳನ್ನು ಪತ್ತೆ ಹಚ್ಚುವ ವಿಧಾನ ಇನ್ನೂ ಸರಳ: ಪ್ರತಿ ಪದದ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಮರುಜೋಡಿಸಿದರೆ ‘ಲಿಸನ್’ ಮತ್ತು ‘ಸೈಲೆಂಟ್’ ಎರಡೂ ಇ, ಐ, ಎಲ್, ಎನ್, ಎಸ್, ಟಿ ಎಂಬ ಒಂದೇ ಸಾಲಾಗಿ ನಿಲ್ಲುತ್ತವೆ, ಮತ್ತು ಹಾಗೆ ಒಂದೇ ಆಗಿ ನಿಂತವು ಪರಸ್ಪರ ಅಕ್ಷರಪಲ್ಲಟಗಳು. ಇದು ಜಾಣತನದ ಉಪಾಯವೇ ಸರಿ, ಅದನ್ನು ಮಕ್ಕಳಿಗೆ ಕಂಪ್ಯೂಟರ್ ತರಗತಿಯಲ್ಲಿ ಕಲಿಸಲೂಬೇಕು. ಆದರೆ ಪದಸ್ಪರ್ಧೆಯಲ್ಲಿ ಇದು ಮೊಬೈಲ್ ಕೈಯಲ್ಲಿರುವ ಮಗುವಿಗೂ ಇಲ್ಲದ ಮಗುವಿಗೂ ನಡುವೆ ಮೊದಲೇ ಗೆರೆ ಎಳೆದುಬಿಡುತ್ತದೆ. ಉತ್ತರಪತ್ರದಲ್ಲಿ ಪದವನ್ನು ಬರೆದ ವಿದ್ಯಾರ್ಥಿಗೆ ಅದನ್ನು ಉಚ್ಚರಿಸಲು ಬರುತ್ತದೆಯೇ, ಅದರ ಅರ್ಥ ಗೊತ್ತಿದೆಯೇ ಎಂದು ಯಾರೂ ಕೇಳುವುದಿಲ್ಲ.

ಹಾಗಾದರೆ ಈ ಆಟದಲ್ಲಿ ಉಳಿಯುವ ಸತ್ವ ಯಾವುದು? ನನ್ನ ಅನುಭವದಲ್ಲಿ ಅದು ಕನ್ನಡದ ಮಗುವಿನ ಕಣ್ಣು ಮತ್ತು ಕಿವಿಗಳ ನಡುವಿನ ಅಂತರವನ್ನು ತುಂಬುವ ಕೆಲಸ. ಕನ್ನಡದಲ್ಲಿ ಕೇಳಿದ್ದನ್ನು ಬರೆಯುತ್ತೇವೆ, ಬರೆದದ್ದನ್ನು ಓದುತ್ತೇವೆ. ಸ್ವರವಿಲ್ಲದ ವ್ಯಂಜನಕ್ಕೆ ನಮ್ಮಲ್ಲಿ ಅರ್ಧ ಅಸ್ತಿತ್ವ ಮಾತ್ರ. ಇಂಥ ಲಿಪಿಯಲ್ಲಿ ಪಳಗಿದ ಮಗು ‘ರಿದಮ್’ ಎಂಬ ಪದವನ್ನು ಕೇಳಿದಾಗ ಎರಡು ಸ್ವರಗಳನ್ನು ಸ್ಪಷ್ಟವಾಗಿ ಕೇಳುತ್ತದೆ. ಬರೆಯಲು ಕುಳಿತರೆ ಆರು ಅಕ್ಷರಗಳಲ್ಲಿ ಎ, ಇ, ಐ, ಓ, ಯು ಒಂದೂ ಇಲ್ಲ. ‘ಕ್ಯೂ’ ಎಂದು ಒಂದೇ ಉಸಿರಿನಲ್ಲಿ ಮುಗಿಯುವ ಪದಕ್ಕೆ ಐದು ಅಕ್ಷರ. ಅದಕ್ಕೆ ‘ಇಂಗ್’ ಸೇರಿದರೆ ನಡುವೆ ಐದು ಸ್ವರಾಕ್ಷರಗಳು ಒಂದರ ಬೆನ್ನಿಗೆ ಒಂದು ಸಾಲಾಗಿ ನಿಲ್ಲುತ್ತವೆ. ‘ಸ್ಟ್ರೆಂಗ್ತ್ಸ್’ ಎಂಬ ಬಹುವಚನದಲ್ಲಿ ಒಂಬತ್ತು ಅಕ್ಷರಗಳ ನಡುವೆ ಸ್ವರ ಒಂದೇ ಒಂದು. ‘ನ್ಯುಮೋನಿಯಾ’ದ ಆರಂಭದಲ್ಲಿ ಪಿ ಇದೆಯೆಂದು ಕಿವಿ ಯಾವತ್ತೂ ಹೇಳುವುದಿಲ್ಲ. ಕಾಗುಣಿತವನ್ನು ಬಾಯಿಪಾಠ ಮಾಡಿಸುವುದರಿಂದ ಬಾರದ ಎಚ್ಚರ, ಪದದೊಳಗೆ ನಿರ್ದಿಷ್ಟ ಅಕ್ಷರವನ್ನು ಹುಡುಕುವುದರಿಂದ ಬರುತ್ತದೆ, ಏಕೆಂದರೆ ಹುಡುಕುವಾಗ ಮಗು ಪದವನ್ನು ಕೇಳುವುದನ್ನು ನಿಲ್ಲಿಸಿ ನೋಡಲು ತೊಡಗುತ್ತದೆ.

ನೋಡಲು ತೊಡಗಿದ ಮೇಲೆ ಎರಡನೆಯ ಪಾಠ ತಾನಾಗಿ ಬರುತ್ತದೆ. ಉದ್ದದ ಇಂಗ್ಲಿಷ್ ಪದಗಳು ಹೆಚ್ಚಾಗಿ ಒಂದೇ ತುಂಡಾಗಿರುವುದಿಲ್ಲ, ಅವು ಜೋಡಣೆಗಳು. ಐದೂ ಸ್ವರಾಕ್ಷರಗಳಿರುವ ಪದವನ್ನು ಹುಡುಕಿರಿ ಎಂದು ಕೇಳಿದರೆ ಮಕ್ಕಳು ಮೊದಲು ನೆನಪನ್ನು ಕೆದಕುತ್ತಾರೆ, ‘ಎಜುಕೇಶನ್’ ಸಿಗುತ್ತದೆ, ಅಲ್ಲಿಗೆ ನಿಲ್ಲುತ್ತಾರೆ. ಆಗ ಆ ಪದದ ಬಾಲವನ್ನು ತೋರಿಸಬೇಕು. ‘ಏಶನ್’ ಎಂಬ ಪ್ರತ್ಯಯದಲ್ಲಿ ಎ, ಐ, ಓ ಮೂರೂ ಇವೆ. ಅದರ ಮುಂದೆ ಇ ಮತ್ತು ಯು ಇರುವ ಧಾತುವೊಂದು ಸಿಕ್ಕಿದರೆ ಕೆಲಸ ಮುಗಿಯಿತು. ಅಷ್ಟು ಹೇಳಿದರೆ ಸಾಕು, ‘ರೆಗ್ಯುಲೇಶನ್’, ‘ರೆಪ್ಯುಟೇಶನ್’, ‘ಸ್ಪೆಕ್ಯುಲೇಶನ್’ ಒಂದರ ಹಿಂದೆ ಒಂದು ಬರುತ್ತವೆ. ಗಣಿತದ ಪಾಠದಿಂದ ‘ಪರ್ಮ್ಯುಟೇಶನ್’ ಬರುತ್ತದೆ. ಇನ್ನೂ ಮುಂದೆ ಹೋದವರು ಹನ್ನೆರಡು ಅಕ್ಷರಗಳ ‘ಪರ್ಟರ್ಬೇಶನ್’ ತಲುಪುತ್ತಾರೆ. ಈ ಎಲ್ಲದರಲ್ಲಿಯೂ ಐದು ಸ್ವರಗಳು ಒಂದೊಂದೇ ಬಾರಿ ಬರುತ್ತವೆ. ಹಾಗೆಯೇ ‘ಇಯಸ್’ ಎಂದು ಕೇಳಿಸುವ ಪ್ರತ್ಯಯ ಐ, ಓ, ಯು ಮೂರನ್ನೂ ಕೊಡುತ್ತದೆ, ಅದಕ್ಕೆ ಎ ಮತ್ತು ಇ ಇರುವ ಮುಂಭಾಗವೊಂದು ಬೇಕು: ‘ಟೆನೇಶಿಯಸ್’, ‘ಗ್ರೆಗೇರಿಯಸ್’, ‘ಪ್ರಿಕೇರಿಯಸ್’. ಇವುಗಳಲ್ಲಿ ಇ ಮೊದಲು, ಎ ನಂತರ. ಎ ಮೊದಲು ಬಂದು ಐದೂ ಸ್ವರಗಳು ವರ್ಣಮಾಲೆಯ ಕ್ರಮದಲ್ಲಿಯೇ ನಿಂತ ಅಪರೂಪದ ಪದಗಳು ‘ಫೆಸೀಶಿಯಸ್’ ಮತ್ತು ‘ಆ್ಯಬ್‌ಸ್ಟೀಮಿಯಸ್’. ಕ್ರಮ ತಿರುಗಿಸಿ, ಯುವಿನಿಂದ ಎಗೆ ಬರುವ ಪದ ಬೇಕೆಂದರೆ ಹದಿನೈದು ಅಕ್ಷರಗಳ ‘ಅನ್‌ಕಾಂಪ್ಲಿಮೆಂಟರಿ’ ಇದೆ. ಒಂದು ಪದದ ಕೊನೆಯನ್ನು ಗುರುತಿಸಿದ ಮಗುವಿಗೆ ಒಂದು ಕುಟುಂಬವೇ ಪರಿಚಯವಾಗುತ್ತದೆ ಎಂಬುದನ್ನು ನಾನು ತರಗತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ, ಮತ್ತು ಇಂಗ್ಲಿಷ್ ಎಂದರೆ ಹೆದರುತ್ತಿದ್ದ ಹಿಂದಿನ ಬೆಂಚಿನ ಮಕ್ಕಳೇ ಈ ಹುಡುಕಾಟದಲ್ಲಿ ಮುಂದೆ ಬಂದದ್ದನ್ನೂ ಕಂಡಿದ್ದೇನೆ.

ಯಾವ ಅಕ್ಷರ ಕೊಟ್ಟಿದ್ದಾರೆ ಎಂಬುದರ ಮೇಲೆ ಎಲ್ಲಿ ಹುಡುಕಬೇಕೆಂಬುದೂ ಬದಲಾಗುತ್ತದೆ. ತಮ್ಮ ಪುರವಣಿಯಲ್ಲಿ ಒಮ್ಮೆಯೂ ವಿವರಿಸದ ಸಂಗತಿ ಇದು. ಇಂಗ್ಲಿಷಿನ ಉದ್ದದ ಪದಗಳಲ್ಲಿ ಬಹುಪಾಲು ಲ್ಯಾಟಿನ್ ಮತ್ತು ಗ್ರೀಕ್ ಮೂಲದವು. ಲ್ಯಾಟಿನ್ನಿನಲ್ಲಿ ಕೆ ಅಕ್ಷರದ ಬಳಕೆ ತೀರಾ ವಿರಳ, ಗ್ರೀಕಿನ ಕಕಾರವೂ ಲ್ಯಾಟಿನ್ನಿನ ಮೂಲಕ ಬರುವಾಗ ಸಾಮಾನ್ಯವಾಗಿ ಸಿ ಆಯಿತು, ಡಬ್ಲ್ಯು ಅಕ್ಷರವಂತೂ ಆ ಎರಡೂ ಭಾಷೆಗಳಲ್ಲಿ ಇಲ್ಲ. ಆದ್ದರಿಂದ ಕೆ ಮತ್ತು ಡಬ್ಲ್ಯು ಇರುವ ಪದಗಳು ಹೆಚ್ಚಾಗಿ ಇಂಗ್ಲಿಷಿನ ಮನೆಮಾತಿನ ಹಳೆಯ ಪದಗಳು, ಮತ್ತು ಮನೆಮಾತಿನ ಪದಗಳು ಗಿಡ್ಡ. ಅವು ಉದ್ದವಾಗುವುದು ಸಮಾಸದಿಂದ ಅಥವಾ ‘ನೆಸ್’, ‘ಶಿಪ್’, ‘ಫುಲ್’, ‘ಲೆಸ್’ ಮುಂತಾದ ದೇಶೀ ಪ್ರತ್ಯಯಗಳಿಂದ. ಇದು ಗೊತ್ತಿದ್ದ ವಿದ್ಯಾರ್ಥಿ ಕೆ ಮತ್ತು ಡಬ್ಲ್ಯು ಎರಡನ್ನೂ ಕೇಳಿದಾಗ ವಿಜ್ಞಾನದ ಪುಸ್ತಕವನ್ನು ತೆರೆಯುವುದಿಲ್ಲ; ‘ವರ್ಕ್’ ಮತ್ತು ತಿಳಿ ಎಂಬರ್ಥದ ‘ನೋ’ ಎಂಬ ದಿನಬಳಕೆಯ ಪದಗಳಿಂದ ಹೊರಟು ‘ವರ್ಕ್‌ಮನ್‌ಶಿಪ್’, ಅಲ್ಲಿಂದ ಹದಿನೈದು ಅಕ್ಷರಗಳ ‘ಅಕ್ನಾಲೆಜ್‌ಮೆಂಟ್’ ತಲುಪುತ್ತಾನೆ. ಡಬ್ಲ್ಯು ಒಂದೇ ಸಾಕೆಂದರೆ ಹತ್ತೊಂಬತ್ತು ಅಕ್ಷರಗಳ ‘ಸ್ಟ್ರೇಟ್‌ಫಾರ್ವರ್ಡ್‌ನೆಸ್’ ಇದೆ, ಅದರ ಮೂರು ತುಂಡುಗಳನ್ನೂ ಏಳನೆಯ ತರಗತಿಯ ಮಗು ಬಲ್ಲದು. ಝಡ್ ಕೇಳಿದರೆ ‘ಐಸೇಶನ್’ ಎಂಬ ಪ್ರತ್ಯಯವನ್ನು ಝಡ್ ಬಳಸಿ ಬರೆಯುವ ಪದ್ಧತಿ ಕೈಹಿಡಿಯುತ್ತದೆ: ಅದರ ಮುಂದೆ ಕ್ಯೂ ಇರುವ ‘ಈಕ್ವಲ್’ ಇಟ್ಟರೆ ‘ಈಕ್ವಲೈಸೇಶನ್’, ಎಕ್ಸ್ ಇರುವ ‘ಎಕ್ಸ್‌ಟರ್ನಲ್’ ಇಟ್ಟರೆ ‘ಎಕ್ಸ್‌ಟರ್ನಲೈಸೇಶನ್’.

ಗ್ರೀಕ್ ಮೂಲದ ಪದಗಳನ್ನು ಹುಡುಕಲು ನಮ್ಮ ಜಿಲ್ಲೆಯ ಮಕ್ಕಳಷ್ಟು ಅನುಕೂಲವಿರುವವರು ಕಡಿಮೆ. ಮಣಿಪಾಲದಲ್ಲಿ 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ, ಮಂಗಳೂರು ಮತ್ತು ಉಡುಪಿಯ ರಸ್ತೆಗಳ ಇಕ್ಕೆಲಗಳಲ್ಲಿ ಆಸ್ಪತ್ರೆಗಳ ಫಲಕಗಳು ಬೆಳೆಯುತ್ತಲೇ ಬಂದಿವೆ. ಅವುಗಳನ್ನು ಓದುತ್ತ ಬಸ್ಸಿನಲ್ಲಿ ಸಾಗುವುದೇ ಒಂದು ಪಾಠ. ಹೊಟ್ಟೆಗೆ ‘ಗ್ಯಾಸ್ಟ್ರೋ’, ಕರುಳಿಗೆ ‘ಎಂಟರೋ’, ಶಾಸ್ತ್ರಕ್ಕೆ ‘ಲಜಿ’. ಸೇರಿದರೆ ಹದಿನಾರು ಅಕ್ಷರಗಳ ‘ಗ್ಯಾಸ್ಟ್ರೋಎಂಟರಾಲಜಿ’. ಕಿವಿ, ಮೂಗು, ಗಂಟಲು ವಿಭಾಗಕ್ಕೆ ಇಂಗ್ಲಿಷಿನಲ್ಲಿ ಮೂರಕ್ಷರದ ಸಂಕ್ಷಿಪ್ತ ಹೆಸರನ್ನು ಬಳಸುವುದು ರೂಢಿ. ಪೂರ್ಣರೂಪ ‘ಓಟೋರೈನೋಲಾರಿಂಗಾಲಜಿ’, ಹತ್ತೊಂಬತ್ತು ಅಕ್ಷರ. ಇದರಲ್ಲಿ ‘ಓಟೋ’ ಕಿವಿ, ‘ಲಾರಿಂಗೋ’ ಧ್ವನಿಪೆಟ್ಟಿಗೆ, ‘ರೈನೋ’ ಮೂಗು. ಮೂಗಿನ ಮೇಲೆ ಕೊಂಬಿರುವ ಘೇಂಡಾಮೃಗದ ಇಂಗ್ಲಿಷ್ ಹೆಸರನ್ನು ಬಲ್ಲ ಮಗುವಿಗೆ ಆ ತುಂಡು ಮೊದಲೇ ಪರಿಚಿತ. ಕಣ್ಣಿನ ವಿಭಾಗದ ‘ಆಫ್ತಾಲ್ಮಾಲಜಿ’ಯಲ್ಲಿ ಪಿ, ಎಚ್, ಟಿ, ಎಚ್ ನಾಲ್ಕೂ ಒತ್ತಾಗಿ ಬರುತ್ತವೆ, ಮೊದಲ ಎಚ್ ಬಿಟ್ಟು ಬರೆಯುವವರು ದೊಡ್ಡವರಲ್ಲಿಯೂ ಇದ್ದಾರೆ, ಎಚ್ ಎರಡು ಬಾರಿ ಬರುವ ಪದ ಯಾವುದು ಎಂದು ಆಟದಲ್ಲಿ ಕೇಳಿಸಿಕೊಂಡ ಮಗು ಆ ತಪ್ಪು ಮಾಡುವುದಿಲ್ಲ. ಮೇಲೆ ಹೇಳಿದ ‘ನ್ಯುಮೋನಿಯಾ’ವನ್ನು ಅಕ್ಷರ ಬಿಡಿಸಿ ನೋಡಿದರೆ ಅದರಲ್ಲಿಯೂ ಐದು ಸ್ವರಗಳು ಒಂದೊಂದು ಬಾರಿ ಇರುವುದು ಕಾಣುತ್ತದೆ.

ಹಿಂದೆ ಎಸೆಸೆಲ್ಸಿ ಮುಗಿದೊಡನೆ ಟೈಪಿಂಗ್ ತರಗತಿಗೆ ಸೇರುವುದು ಕರಾವಳಿಯ ಮನೆಮನೆಯ ವಾಡಿಕೆಯಾಗಿತ್ತು. ಆ ಪೀಳಿಗೆಯವರು ಬೆರಳುಗಳಿಂದಲೇ ಅಕ್ಷರಗಳ ಸ್ಥಾನ ಬಲ್ಲವರು. ಕೀಲಿಮಣೆಯ ಮೇಲಿನ ಸಾಲಿನ ಅಕ್ಷರಗಳಿಂದ ಮಾತ್ರ ಬರೆಯಬಹುದಾದ ಹತ್ತಕ್ಷರದ ಪದಗಳಲ್ಲಿ ‘ಟೈಪ್‌ರೈಟರ್’ ಕೂಡ ಒಂದು. ‘ಪ್ರೊಪ್ರೈಟರ್’, ‘ಪರ್ಪೆಚ್ಯುಇಟಿ’ ಅದರ ಜೊತೆಗಾರರು. ಕೆಳಗಿನ ಸಾಲಿನಲ್ಲಿ ಒಂದೂ ಸ್ವರವಿಲ್ಲದ ಕಾರಣ ಅಲ್ಲಿ ಪದ ಹುಟ್ಟುವುದೇ ಕಷ್ಟ. ಮನೆಯ ಹಿರಿಯರನ್ನೂ ಸ್ಪರ್ಧೆಗೆ ಎಳೆಯುವ ಇಂಥ ಪ್ರಶ್ನೆಗಳನ್ನು ಆಗಾಗ ಕೊಡಬಹುದು.

ದಾಖಲೆಯ ಪದಗಳ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಸ್ಪರ್ಧೆಯನ್ನು ಕೆಡಿಸುತ್ತಿರುವುದು ಅವೇ. ಯಾವ ಅಕ್ಷರ ಕೇಳಿದರೂ ಅದು ಅಡಗಿರುವ ಒಂದು ಮಹಾಪದವನ್ನು ಬರೆದುಬಿಡುವ ಅಭ್ಯಾಸ ಬೆಳೆದಿದೆ. ನಲವತ್ತೈದು ಅಕ್ಷರಗಳ ಶ್ವಾಸಕೋಶದ ಕಾಯಿಲೆಯ ಹೆಸರು ಇವುಗಳಲ್ಲಿ ಮೊದಲನೆಯದು. ಅದು ವೈದ್ಯರ ಅಗತ್ಯದಿಂದ ಹುಟ್ಟಿದ ಪದವಲ್ಲ. ಅಮೆರಿಕದ ಒಗಟುಪ್ರಿಯರ ಸಂಘದ ಅಧ್ಯಕ್ಷರಾಗಿದ್ದ ಎವರೆಟ್ ಸ್ಮಿತ್ 1935ರಲ್ಲಿ ಉದ್ದಕ್ಕಾಗಿಯೇ ಕಟ್ಟಿದ್ದು. ಸಿಲಿಕಾ ಧೂಳಿನಿಂದ ಬರುವ ಆ ಕಾಯಿಲೆಗೆ ವೈದ್ಯರು ಬಳಸುವ ಹೆಸರು ‘ಸಿಲಿಕೋಸಿಸ್’. ಇಪ್ಪತ್ತೊಂಬತ್ತು ಅಕ್ಷರಗಳ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್’ ಲ್ಯಾಟಿನ್ ವ್ಯಾಕರಣ ಪಾಠದಲ್ಲಿ ‘ಕಿಮ್ಮತ್ತಿಲ್ಲದ್ದು’ ಎಂದು ಹೇಳುವ ನಾಲ್ಕು ಪದಗಳನ್ನು ಒಟ್ಟಿಗೆ ಹೆಣೆದು ಮಾಡಿದ್ದು; ಅದರಲ್ಲಿ ಐ ಒಂಬತ್ತು ಬಾರಿ ಬರುತ್ತದೆ, ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಇ ಒಮ್ಮೆಯೂ ಬರುವುದಿಲ್ಲ ಎಂಬುದು ಮಾತ್ರ ನಿಜವಾಗಿ ಗಮನಿಸತಕ್ಕ ವಿಶೇಷ. ರಾಸಾಯನಿಕ ಹೆಸರುಗಳಿಗೆ ಬಂದರೆ ಉದ್ದಕ್ಕೆ ಕೊನೆಯೇ ಇಲ್ಲ: ನಮ್ಮ ಸ್ನಾಯುಗಳಲ್ಲಿರುವ ಟೈಟಿನ್ ಎಂಬ ಪ್ರೋಟೀನಿನ ಪೂರ್ಣ ರಾಸಾಯನಿಕ ಹೆಸರು ಸುಮಾರು 1,90,000 ಅಕ್ಷರಗಳಷ್ಟಾಗುತ್ತದೆ, ಯಾವ ನಿಘಂಟೂ ಅದನ್ನು ಸೇರಿಸಿಕೊಂಡಿಲ್ಲ.

ಆದರೆ ಉದ್ದದ ಪದಗಳೆಲ್ಲ ಹೀಗೆ ಪ್ರದರ್ಶನದ ವಸ್ತುಗಳೆಂದು ನಾನು ಹೇಳುತ್ತಿಲ್ಲ. ಇಪ್ಪತ್ತೆಂಟು ಅಕ್ಷರಗಳ ‘ಆ್ಯಂಟಿಡಿಸ್‌ಎಸ್ಟಾಬ್ಲಿಶ್‌ಮೆಂಟೇರಿಯನಿಸಮ್’ ಎಂಬುದನ್ನು ನಾನು ಕರಿಹಲಗೆಯ ಮೇಲೆ ಬರೆದು ಒಂದೊಂದೇ ತುಂಡನ್ನು ಬಿಡಿಸಿ ತೋರಿಸುತ್ತಿದ್ದೆ: ನಡುವೆ ‘ಸ್ಥಾಪಿಸು’ ಎಂಬ ಕ್ರಿಯೆ, ಅದಕ್ಕೆ ಮೊದಲು ನಿಷೇಧ, ಆ ನಿಷೇಧಕ್ಕೆ ಮತ್ತೆ ವಿರೋಧ, ಕ್ರಿಯೆಯ ನಂತರ ನಾಮಪದ ಮಾಡುವ ಪ್ರತ್ಯಯ, ಅದನ್ನು ನಂಬುವವನು, ಕೊನೆಗೆ ಆ ನಂಬಿಕೆಯ ವಾದ. ಇಂಗ್ಲೆಂಡಿನಲ್ಲಿ ಚರ್ಚಿಗಿರುವ ರಾಜ್ಯಮಾನ್ಯತೆಯನ್ನು ತೆಗೆಯಬಾರದು ಎಂದವರ ನಿಲುವಿಗೆ ಬಂದ ಹೆಸರು ಅದು. ಪಾಠ ಮುಗಿಯುವ ಹೊತ್ತಿಗೆ ಮಕ್ಕಳು ಅದನ್ನು ನೋಡದೆ ಬರೆಯುತ್ತಿದ್ದರು, ಮತ್ತು ಆರು ತುಂಡುಗಳಲ್ಲಿ ಪ್ರತಿಯೊಂದನ್ನೂ ಬೇರೆ ಪದಗಳಲ್ಲಿ ಗುರುತಿಸುತ್ತಿದ್ದರು. ಒಂದು ಅಕ್ಷರವೂ ಮರುಕಳಿಸದ ಹದಿನೈದು ಅಕ್ಷರಗಳ ‘ಅನ್‌ಕಾಪಿರೈಟಬಲ್’ ಕೂಡ ಹಾಗೆಯೇ. ‘ಕಾಪಿರೈಟ್’ ಗೊತ್ತಿದ್ದವರಿಗೆ ಆರಂಭದಲ್ಲಿ ‘ಅನ್’, ಕೊನೆಯಲ್ಲಿ ‘ಏಬಲ್’ ಸೇರಿಸಲು ಯಾವ ಯಂತ್ರವೂ ಬೇಡ. ಬೆರಳಚ್ಚುಗಳ ಅಧ್ಯಯನಕ್ಕಿರುವ ‘ಡರ್ಮಟೋಗ್ಲಿಫಿಕ್ಸ್’ ಅದೇ ಉದ್ದದ, ಅದೇ ಗುಣದ ಇನ್ನೊಂದು ಪದ.

ಈಗ ನಿಯಮಗಳ ಮಾತು. ಎಲ್ಲಕ್ಕಿಂತ ಮೊದಲು ಯಾವ ನಿಘಂಟು ಪ್ರಮಾಣ ಎಂಬುದನ್ನು ತಾವು ಪ್ರಕಟಿಸಬೇಕು. ನಿಘಂಟು ಹೇಳದೆ ‘ಅತಿ ಉದ್ದದ ಪದ’ ಎಂದು ಕೇಳುವುದಕ್ಕೆ ಅರ್ಥವಿಲ್ಲ, ಏಕೆಂದರೆ ಚಿಕ್ಕ ನಿಘಂಟಿನಲ್ಲಿ ಇಲ್ಲದ್ದು ದೊಡ್ಡದರಲ್ಲಿ ಇರುತ್ತದೆ. ಬಹುವಚನದ ಎಸ್ ಸೇರಿಸಿ ಒಂದಕ್ಷರ ಹೆಚ್ಚಿಸಿಕೊಳ್ಳಬಹುದೇ, ನಡುವೆ ಅಡ್ಡಗೆರೆ ಇರುವ ಸಮಾಸಗಳು ನಡೆಯುತ್ತವೆಯೇ ಎಂಬುದನ್ನೂ ಹೇಳಬೇಕು. ಬ್ರಿಟಿಷ್ ಕಾಗುಣಿತವೋ ಅಮೆರಿಕನ್ ಕಾಗುಣಿತವೋ ಎಂಬ ಪ್ರಶ್ನೆ ಚಿಕ್ಕದೆನಿಸಿದರೂ ಫಲಿತಾಂಶವನ್ನೇ ಬದಲಿಸುತ್ತದೆ. ನಮ್ಮ ಪಠ್ಯಪುಸ್ತಕಗಳ ಬ್ರಿಟಿಷ್ ಕ್ರಮದಲ್ಲಿ ‘ಬಿಹೇವಿಯರ್’ ಮತ್ತು ‘ಫೇವರಿಟ್’ ಎರಡರಲ್ಲಿಯೂ ಐದು ಸ್ವರಗಳು ಒಂದೊಂದು ಬಾರಿ ಇವೆ. ಅಮೆರಿಕನ್ನರು ಯು ಬಿಟ್ಟು ಬರೆಯುವುದರಿಂದ ಅವರ ಪಟ್ಟಿಯಲ್ಲಿ ಇವೆರಡೂ ಸಿಗುವುದಿಲ್ಲ. ಅಂಥ ಪಟ್ಟಿಯನ್ನು ನೋಡಿ ತೀರ್ಪು ಕೊಟ್ಟರೆ, ಪಠ್ಯಪುಸ್ತಕವನ್ನು ನಂಬಿ ಬರೆದ ಮಗುವಿಗೆ ಅನ್ಯಾಯವಾಗುತ್ತದೆ. ಒಂದು ಶಾಲಾ ಮಟ್ಟದ ಸ್ಪರ್ಧೆಯಲ್ಲಿ ಇಂಥದೇ ಕಾರಣಕ್ಕೆ ಸರಿಯುತ್ತರ ತಪ್ಪೆನಿಸಿಕೊಂಡದ್ದನ್ನು ನಾನು ನೋಡಿದ್ದೇನೆ, ಆ ಹುಡುಗಿಗೆ ಸಮಾಧಾನ ಹೇಳುವುದು ಸುಲಭವಾಗಿರಲಿಲ್ಲ.

ಅಂಕ ಕೊಡುವ ಕ್ರಮದಲ್ಲಿ ಉದ್ದಕ್ಕೆ ಅರ್ಧ, ಉಳಿದರ್ಧ ವಿವರಣೆಗೆ ಎಂದು ಗೊತ್ತುಮಾಡಬಹುದು. ಪದವನ್ನು ತುಂಡು ಮಾಡಿ ಪ್ರತಿ ತುಂಡಿನ ಅರ್ಥ, ಅದೇ ತುಂಡು ಇರುವ ಇನ್ನೊಂದು ಪದ, ಮತ್ತು ಇಡೀ ಪದವನ್ನು ಬಳಸಿದ ಒಂದು ವಾಕ್ಯ: ಇಷ್ಟು ಕೇಳಿದರೆ ಸಾಕು. ವಿವರಣೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿರಲಿ, ತಿಳಿದಿರುವುದನ್ನು ಹೇಳಲು ಭಾಷೆ ಅಡ್ಡಬರಬಾರದು. ಮೊಬೈಲಿನಲ್ಲಿ ವಿವರಣೆಯೂ ಸಿಗುತ್ತದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಸಿಗಲಿ, ಅದನ್ನು ಓದಿ ತನ್ನ ಮಾತಿನಲ್ಲಿ ಬರೆಯುವಷ್ಟರಲ್ಲಿ ಮಗು ಏನನ್ನಾದರೂ ಕಲಿತೇ ಕಲಿಯುತ್ತದೆ. ಅಪರೂಪದ ಅಕ್ಷರಗಳಿಗೆ ಹೆಚ್ಚು ಬೆಲೆ ಕೊಡುವ ಪದ್ಧತಿಯೂ ಯೋಚಿಸತಕ್ಕದ್ದು. ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ಸ್ಕ್ರ್ಯಾಬಲ್ ಆಟವನ್ನು ರೂಪಿಸಿದ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ಯಾವ ಅಕ್ಷರ ಎಷ್ಟು ಬಾರಿ ಬಳಕೆಯಾಗುತ್ತದೆ ಎಂದು ತಿಳಿಯಲು 1930ರ ದಶಕದಲ್ಲಿ ದಿನಪತ್ರಿಕೆಯ ಪುಟಗಳನ್ನೇ ಎಣಿಸಿದರು; ಅದರಿಂದಾಗಿ ನೂರು ಬಿಲ್ಲೆಗಳಲ್ಲಿ ಇ ಹನ್ನೆರಡು, ಬೆಲೆ ಒಂದೊಂದು ಅಂಕ, ಕ್ಯೂ ಮತ್ತು ಝಡ್ ಒಂದೊಂದೇ, ಬೆಲೆ ಹತ್ತು ಹತ್ತು. ಒಂದು ಪತ್ರಿಕೆಯ ಪುಟವನ್ನು ಮಕ್ಕಳೇ ಎಣಿಸಿ ತಮ್ಮದೇ ಬೆಲೆಪಟ್ಟಿ ಮಾಡುವಂತೆ ಶಾಲೆಗಳಿಗೆ ಸೂಚಿಸಿದರೆ ಅದು ಗಣಿತದ ಪಾಠವೂ ಆಗುತ್ತದೆ.

ಬಹುಮಾನದ ವಿಚಾರದಲ್ಲಿ ಒಂದು ಬೇಡಿಕೆ. ಗೆದ್ದ ವಿದ್ಯಾರ್ಥಿಗೆ ಕೊಡುವುದರ ಜೊತೆಗೆ ಆ ಶಾಲೆಯ ಗ್ರಂಥಾಲಯಕ್ಕೂ ಒಂದು ಒಳ್ಳೆಯ ನಿಘಂಟನ್ನು ಕೊಡಿ. ಇದು ನಿಘಂಟುಗಳನ್ನು ಕಟ್ಟಿದ ನೆಲ. ಮಂಗಳೂರಿನ ಬಾಸೆಲ್ ಮಿಶನ್ನಿನಿಂದ 1886ರಲ್ಲಿ ಮ್ಯಾನರರ ತುಳು-ಇಂಗ್ಲಿಷ್ ನಿಘಂಟು, 1894ರಲ್ಲಿ ಸುಮಾರು 70,000 ಪದಗಳ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದವು. ಒಂದು ಶತಮಾನದ ಬಳಿಕ ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳ ತುಳು ನಿಘಂಟನ್ನು ಪೂರ್ಣಗೊಳಿಸಿತು. ಇಂಥ ಜಿಲ್ಲೆಗಳಲ್ಲಿ ಮಕ್ಕಳ ಕೈಗೆ ಎಟಕುವ ಕಡೆ ನಿಘಂಟು ಇಲ್ಲದ ಶಾಲೆಗಳಿವೆ, ಇದ್ದರೂ ಕಪಾಟಿಗೆ ಬೀಗ. ಪುಟ ತಿರುವಿ ಹುಡುಕುವಾಗ ಬೇಕಾದ ಪದದ ಮೇಲೂ ಕೆಳಗೂ ಇರುವ ಪದಗಳು ಕಣ್ಣಿಗೆ ಬೀಳುತ್ತವೆ. ಒಂದೇ ಧಾತುವಿನ ಪದಗಳು ಅಕ್ಕಪಕ್ಕ ಇರುವುದನ್ನು ಮಗು ಅಲ್ಲಿಯೇ ಕಾಣಬೇಕು.

ಮುಂದಿನ ವಾರದ ಪುರವಣಿಗೆ ಒಂದು ಪ್ರಶ್ನೆಯನ್ನು ಸೂಚಿಸುತ್ತೇನೆ: ಪಿ, ಎಚ್, ವೈ ಮೂರೂ ಇರುವ ಪದಗಳನ್ನು ಮನೆಯಿಂದ ಶಾಲೆಗೆ ಹೋಗುವ ದಾರಿಯ ಫಲಕಗಳಲ್ಲಿ ಮತ್ತು ತಮ್ಮ ಪಠ್ಯಪುಸ್ತಕಗಳಲ್ಲಿ ಹುಡುಕಿ, ಅವುಗಳಲ್ಲಿ ಅತಿ ಉದ್ದದ ಒಂದನ್ನು ತುಂಡು ಮಾಡಿ ವಿವರಿಸಿರಿ. ಪಾಠದ ‘ಜಿಯಾಗ್ರಫಿ’ಯಿಂದ ಹೊರಟ ಮಗು ಫೋಟೋ ಸ್ಟುಡಿಯೋದ ‘ಫೋಟೋಗ್ರಫಿ’ಯನ್ನು ದಾಟಿ, ಆಸ್ಪತ್ರೆಯ ಬಾಗಿಲಿನ ‘ಫಿಸಿಯೋಥೆರಪಿ’ಯವರೆಗೆ ಯಾರ ಸಹಾಯವೂ ಇಲ್ಲದೆ ಬರಬಲ್ಲದು. ಅಲ್ಲಿಂದ ಮುಂದಕ್ಕೆ ಎಷ್ಟು ಮಕ್ಕಳು ಹೋಗುತ್ತಾರೆಂದು ತಿಳಿಯಲು ನಾನು ಕಾದಿರುತ್ತೇನೆ. ಉತ್ತರಗಳನ್ನು ತಿದ್ದಲು ನೆರವು ಬೇಕಾದರೆ ನಾನೂ, ನನ್ನಂತೆ ನಿವೃತ್ತರಾದ ಕೆಲವು ಶಿಕ್ಷಕ ಮಿತ್ರರೂ ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಇಂಗ್ಲಿಷ್ ಶಿಕ್ಷಕ
ಉಡುಪಿ